ಸ್ತ್ರೀ ಪಾತ್ರದ ಬಾಬ್ತು

ನಮ್ಮ ಸಾಗರ ಸೀಮೆಯಲ್ಲಿ ಊರಿಗೊಂದು ನಾಟಕ ಸಂಘವಿದ್ದ ಕಾಲವಿತ್ತು. ಸಂಘವೆಂದರೆ ಭಾರೀ ಏನಲ್ಲ. ಒಂದು ಹಾರ್ಮೋನಿಯಂ, ಎರಡು ಪರದೆ, ದೇವಸ್ಥಾನದ ಚಂದ್ರಶಾಲೆಯ ಮೂಲೆಯಲ್ಲಿ ಬೀಗ ಹಾಕಿಟ್ಟ ತಗಡಿನ ಟ್ರಂಕು, ಹತ್ತು ಹದಿನೈದು ಮಂದಿ ಗಂಡಸರು. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ ತಾಲೀಮು ಶುರು. ಮಳೆ ಹಿಡಿಯುವುದರೊಳಗೆ ನಾಟಕ ಆಗಿಬಿಡಬೇಕು. ಇಂಥ ಸಂಘಗಳಲ್ಲಿ ಬಹುಪಾಲು ಹೇಳಹೆಸರಿಲ್ಲದೆ ಹೋದವು. ಹೆಗ್ಗೋಡಿನಲ್ಲಿ 1949ರಲ್ಲಿ ಕಟ್ಟಿಕೊಂಡ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಮಾತ್ರ ‘ನೀನಾಸಂ’ ಎಂಬ ಚಿಕ್ಕ ಹೆಸರಿನಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟ ನೋಡಿಕೊಂಡೇ ಅದನ್ನು ಬೆಳೆಸಿದರು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ, ಮರುವರ್ಷ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡ ಮೇಲೂ ಸಂಘ ನಿಲ್ಲಲಿಲ್ಲ. ಇದನ್ನೆಲ್ಲ ಬಲ್ಲವರು ಬರೆದಿದ್ದಾರೆ. ನಾನು ಹೇಳಹೊರಟದ್ದು ಬೆಳೆಯದೆ ಉಳಿದ ಸಂಘಗಳ ವಿಷಯ, ಅದರಲ್ಲೂ ಅವುಗಳ ಸದಸ್ಯರಾಗದೆಯೇ ಅವನ್ನು ನಡೆಸಿದವರ ವಿಷಯ.

ನನ್ನ ತವರೂರಿನ ಸಂಘದ ಖರ್ಚಿನ ಪುಸ್ತಕ ಸದ್ಯ ನನ್ನ ಬಳಿ ಇದೆ. ಉದ್ದನೆಯ ಕೆಂಪು ರಟ್ಟಿನ ಪುಸ್ತಕ, ಅರ್ಧ ಗೆದ್ದಲು ತಿಂದಿದೆ. ಪೆಟ್ರೋಮ್ಯಾಕ್ಸ್ ಬಾಡಿಗೆ, ಮ್ಯಾಂಟಲ್, ಸೀಮೆಎಣ್ಣೆ, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಬಣ್ಣದವರ ಕೂಲಿ, ಮಂಡಕ್ಕಿ, ಚಾ ಪುಡಿ. ಪೈಸೆ ಪೈಸೆಗೂ ಲೆಕ್ಕವಿದೆ. ಆರಂಭದ ವರ್ಷಗಳಲ್ಲಿ ಹೆಣ್ಣು ಪಾತ್ರಕ್ಕೆ ಒಂದು ಬಿಡಿಗಾಸೂ ಖರ್ಚಾಗಿಲ್ಲ. ಆಗುವುದಾದರೂ ಹೇಗೆ? ಮೀಸೆ ಬೋಳಿಸಲು ಒಪ್ಪಿದ ಗಂಡಸೊಬ್ಬ ಇದ್ದರಾಯಿತು. ಸೀರೆ ಊರ ಮನೆಗಳಿಂದ ಬರುತ್ತಿತ್ತು, ಬಳೆ ಸರಗಳೂ ಬರುತ್ತಿದ್ದವು. ಪುಕ್ಕಟೆ ಬಂದದ್ದನ್ನು ಖರ್ಚಿನ ಪುಸ್ತಕದಲ್ಲಿ ಬರೆಯುವ ರೂಢಿಯಿಲ್ಲ.

ಅಮ್ಮನ ಧಾರೆ ಸೀರೆ ಮೂರು ಸಲ ದ್ರೌಪದಿಯಾಗಿದೆ, ಒಂದು ಸಲ ಸದಾರಮೆ. ಅಮ್ಮ ಒಂದು ಸಲವೂ ಏನೂ ಆಗಲಿಲ್ಲ. ಹೆಂಗಸರ ಕಡೆಯ ಚಾಪೆಯ ಮೇಲೆ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದಳು. “ದುಶ್ಶಾಸನ ಎಳೀತಿದ್ದರೆ ನಂಗೆ ದ್ರೌಪದಿ ಮಾನದ ಚಿಂತೆಯಲ್ಲ ತಂಗೀ, ಎಲ್ಲಿ ಅಂಚು ಹರಿದು ಹೋಗ್ತೋ ಅಂತ ಜೀವ ಹೋಗ್ತಿತ್ತು” ಎಂದು ಈಗಲೂ ನಗುತ್ತಾಳೆ. ಸೀರೆ ವಾಪಸು ಬಂದಾಗ ಕುತ್ತಿಗೆಯ ಹತ್ತಿರ ಬಣ್ಣ ಮೆತ್ತಿಕೊಂಡಿರುತ್ತಿತ್ತು. ಸೀಗೆ ಹಾಕಿ ಒಗೆದರೂ ಪೂರ್ತಿ ಹೋಗದ ಆ ಕಲೆ ನನ್ನ ಮದುವೆಯ ಹೊತ್ತಿಗೂ ಇತ್ತು. ಮಾತೆಲ್ಲ ಬಾಯಿಪಾಠವಾಗಿತ್ತಂತೆ ಅಮ್ಮನಿಗೆ. ತಾಲೀಮು ನಡೆಯುತ್ತಿದ್ದುದು ನಮ್ಮ ಮನೆಯ ಜಗಲಿಯಲ್ಲೇ, ಒಳಗೆ ಚಾ ಕಾಯಿಸುತ್ತಿದ್ದವಳು ಅವಳೇ.

1970ರ ದಶಕದ ಪುಟಗಳಲ್ಲಿ ಒಂದು ಹೊಸ ಬಾಬ್ತು ಕಾಣಿಸಿಕೊಳ್ಳುತ್ತದೆ. ‘ಸ್ತ್ರೀ ಪಾತ್ರದ ಬಾಬ್ತು’. ಮುಂದೆ ಮೊಬಲಗು, ಅಷ್ಟೆ. ಬಾಡಿಗೆ ಪೆಟ್ರೋಮ್ಯಾಕ್ಸಿಗೆ ಅಂಗಡಿಯವನ ಹೆಸರಿದೆ, ಹಾರ್ಮೋನಿಯಂ ಮೇಷ್ಟ್ರಿಗೆ ಹೆಸರಿದೆ, ಈ ಬಾಬ್ತಿಗೆ ಹೆಸರಿಲ್ಲ.

ಇದರ ಹಿನ್ನೆಲೆ ದೊಡ್ಡದು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ವೀರಣ್ಣನವರ ಕಾಲದಲ್ಲಿ ಬಿ. ಜಯಮ್ಮನವರಂಥ ನಟಿಯರಿಂದ ಜನರ ಮನಸ್ಸು ಗೆದ್ದಿತ್ತು. ವೃತ್ತಿ ಕಂಪನಿಗಳಲ್ಲಿ ಹೆಣ್ಣು ಪಾತ್ರವನ್ನು ಹೆಣ್ಣೇ ಮಾಡುವುದನ್ನು ಜಾತ್ರೆಗಳಲ್ಲಿ ಕಂಡುಬಂದ ಹಳ್ಳಿಯವರಿಗೆ ಮೀಸೆ ಬೋಳಿಸಿದ ದ್ರೌಪದಿ ರುಚಿಸದಾದಳು. ಅತ್ತ ಸಿನಿಮಾದ ಹೊಡೆತಕ್ಕೆ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಅಲ್ಲಿ ಪಳಗಿದ ನಟಿಯರು ಹೊಟ್ಟೆಪಾಡಿಗೆ ಹಳ್ಳಿಯ ಹವ್ಯಾಸಿ ನಾಟಕಗಳಿಗೆ ಬರತೊಡಗಿದರು. ಹೊಸಪೇಟೆಯ ಹತ್ತಿರದ ಮರಿಯಮ್ಮನಹಳ್ಳಿಯಂಥ ಊರುಗಳು ಇಂಥ ಕಲಾವಿದೆಯರಿಂದಲೇ ಹೆಸರಾದವು. ಹಾಗೆ ನೋಡಿದರೆ ಕಂಪನಿಯ ವಿದ್ಯೆಯನ್ನು ಹಳ್ಳಿಗೆ ಮುಟ್ಟಿಸಿದವರು ಈ ಹೆಣ್ಣುಮಕ್ಕಳೇ. ಆದರೂ ಇವರ ಮಾತು ಬಂದಾಗ ನಮ್ಮವರ ತುಟಿಯಲ್ಲಿ ಒಂದು ಥರದ ನಗು ಮೂಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ನನಗಾಗ ಎಂಟು ವರ್ಷ. ಮಧ್ಯಾಹ್ನದ ಬಸ್ಸಿಗೆ ಒಬ್ಬರು ಬಂದಿಳಿದರು. ಕೈಯಲ್ಲೊಂದು ಟ್ರಂಕು, ಸೊಂಟದಲ್ಲೊಂದು ಮಗು. ಊರ ಯಾವ ಮನೆಯಲ್ಲೂ ಅವರಿಗೆ ಬಿಡಾರ ಕೊಡಲಿಲ್ಲ, ಶಾಲೆಯ ಒಂದು ಕೋಣೆ ತೆರೆಸಿಕೊಟ್ಟರು. ಅಮ್ಮ ನನ್ನ ಕೈಯಲ್ಲಿ ಒಂದು ಚೊಂಬು ನೀರು ಬೆಲ್ಲ, ಮಗುವಿಗೆಂದು ಒಂದು ಲೋಟ ಹಾಲು ಕಳಿಸಿದಳು. ತಾನು ಹೋಗಲಿಲ್ಲ, ಹೋಗುವ ಹಾಗಿರಲಿಲ್ಲ. ಅವರು ಬೆಲ್ಲ ಬಾಯಿಗೆ ಹಾಕಿಕೊಂಡು ಸಂಘದವರನ್ನು ಕೇಳಿದ್ದು ಎರಡೇ ಪ್ರಶ್ನೆ: “ಯಾವ ಪುಸ್ತಕ ಇಟ್ಕೊಂಡೀರಿ? ಪದ ಎಷ್ಟದಾವು?” ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಎಂದಾಗ “ಆತು” ಎಂದು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟತೊಡಗಿದರು. ಮೂರು ತಿಂಗಳು ತಾಲೀಮು ಮಾಡಿದ ಗಂಡಸರ ಜೊತೆ ಅವರು ಕೂತದ್ದು ಒಂದು ತಾಸು.

ಆ ರಾತ್ರಿ ನಾಟಕ ಉಳಿಸಿದವರು ಅವರು. ಎದುರಿನ ಪಾತ್ರಧಾರಿ ಮಾತು ಮರೆತು ಬೆವರುತ್ತ ನಿಂತಾಗ ದ್ರೌಪದಿಯೇ “ತಾವು ಹೇಳಬೇಕೆಂದಿದ್ದುದು ಇದೇ ಅಲ್ಲವೆ?” ಎಂದು ಅವನ ಮಾತನ್ನೂ ತಾನೇ ಹೇಳಿ ಮುಂದೆ ನಡೆಸಿದಳು. ಸಭೆಗೆ ಗೊತ್ತಾಗಲೇ ಇಲ್ಲ. ಮಾತೆಲ್ಲ ಬಾಯಿಗೆ ಬರುತ್ತಿದ್ದ ಅಮ್ಮನೊಬ್ಬಳಿಗೆ ಗೊತ್ತಾಯಿತು. ಬೆಳಗಿನ ಮೊದಲ ಬಸ್ಸಿಗೆ ಅವರು ಹೊರಟುಹೋದರು. ಎಂಥ ಕಲೆಗಾರಿಕೆ ಎಂದು ಹೊಗಳಿದವರಲ್ಲಿ ಒಬ್ಬರೂ ಬಸ್ಸಿನ ತನಕ ಟ್ರಂಕು ಹೊರಲಿಲ್ಲ.

ಇದೇ ನಾಡಿನಲ್ಲಿ ಇದಕ್ಕೆ ಇಪ್ಪತ್ತು ವರ್ಷ ಮೊದಲೇ, 1958ರಲ್ಲಿ, ಮೈಸೂರಿನ ಆರ್. ನಾಗರತ್ನಮ್ಮನವರು ಬರೀ ಹೆಂಗಸರದೇ ನಾಟಕ ಮಂಡಳಿ ಕಟ್ಟಿದ್ದರು. ರಾವಣ, ಕಂಸ, ಭೀಮ ಎಲ್ಲ ಅವರೇ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಗಂಡಸು ಸೀರೆ ಉಟ್ಟರೆ ಕಲೆ, ಹೆಂಗಸು ಗದೆ ಹಿಡಿದರೆ ವಿಚಿತ್ರ ಎನ್ನುವವರು ಅವರ ಭೀಮನನ್ನು ನೋಡಬೇಕಿತ್ತು. ಆದರೆ ಆ ಸುದ್ದಿ ಘಟ್ಟದ ಮೇಲಿನ ನಮ್ಮಂಥ ಹಳ್ಳಿಗೆ ಮುಟ್ಟಲಿಲ್ಲ.

ಮುಟ್ಟಿದ್ದು ತಿರುಗಾಟ. ಹೆಗ್ಗೋಡಿನ ರಂಗಶಿಕ್ಷಣ ಕೇಂದ್ರದಲ್ಲಿ ಹುಡುಗರ ಜೊತೆ ಹುಡುಗಿಯರೂ ಕಲಿತರು, ತಿರುಗಾಟದ ತಂಡದಲ್ಲಿ ಊರೂರು ಸುತ್ತಿದರು. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅಮ್ಮನನ್ನೂ ಕರೆದುಕೊಂಡು ಅವರ ನಾಟಕ ನೋಡಲು ಹೋಗಿದ್ದೆ. ನಾಟಕ ಮುಗಿದ ಮೇಲೆ ಅಮ್ಮ ಎದ್ದು ಬರಲೇ ಇಲ್ಲ. ನಟಿಯರು ಬಣ್ಣ ತೆಗೆದುಕೊಂಡು ಬಂದು ಹುಡುಗರ ಜೊತೆ ದೀಪ ಬಿಚ್ಚುವುದು, ಪೆಟ್ಟಿಗೆ ಹೊರುವುದು ನೋಡುತ್ತ ಕೂತಿದ್ದಳು. ಆಮೇಲೆ ಕೇಳಿದ್ದು ನಾಟಕದ ವಿಷಯವಲ್ಲ. “ಇವರನ್ನ ರಾತ್ರಿ ಎಲ್ಲಿ ಇಳಿಸ್ತಾರೆ?” ತಂಡದವರೆಲ್ಲ ಒಟ್ಟಿಗೇ ಉಳಿದುಕೊಳ್ಳುತ್ತಾರಂತೆ ಎಂದೆ. “ಹೌದಾ” ಎಂದಳು.

ನಮ್ಮೂರ ಸಂಘ ಇದರಿಂದ ಬದಲಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. 1987ರಲ್ಲಿ ಟಿವಿಯಲ್ಲಿ ರಾಮಾಯಣ ಶುರುವಾಯಿತು, ಮರುವರ್ಷ ಮಹಾಭಾರತ. ಊರಿಗಿದ್ದ ಒಂದೇ ಟಿವಿಯ ಮುಂದೆ ಎಲ್ಲರೂ ಕೂತರು. ಹಾರ್ಮೋನಿಯಂ ಇಲಿಗಳ ಪಾಲಾಯಿತು. ಈಚೆಗೆ ಊರ ಹುಡುಗರು ಮತ್ತೆ ಸಂಘ ಎಬ್ಬಿಸಿದ್ದಾರೆ. ಈಗ ಹುಡುಗಿಯರಿಗೂ ಸದಸ್ಯತ್ವವಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳೇ ಖಜಾಂಚಿ.

ಅವಳೇ ಖರ್ಚಿನ ಪುಸ್ತಕ ತಂದುಕೊಟ್ಟು ಸ್ಮರಣಸಂಚಿಕೆಗೆ ಸಂಘದ ಇತಿಹಾಸ ಬರೆದುಕೊಡಿ ಮೇಡಂ ಎಂದದ್ದು. ಬರೆದೆ. ಹಿರಿಯರೊಬ್ಬರು ಓದಿ, “ಸೀರೆ ಬಳೆ ಇದೆಲ್ಲ ಯಾಕೆ? ಅಧ್ಯಕ್ಷರು, ಕಾರ್ಯದರ್ಶಿಗಳು ಯಾರ್‍ಯಾರು ಅಂತ ಹಾಕಿ ಸಾಕು” ಎಂದರು. ಅದನ್ನೂ ಹಾಕಿದೆ. ಆದರೆ ಅದರ ಮುಂದಿನ ಪುಟ ನನಗೆ ಬಿಡಬೇಕೆಂದು ಹಟ ಹಿಡಿದೆ. ಅವರು ನನಗೆ ಕಲಿಸಿದ ಮೇಷ್ಟ್ರು, ಹೆಚ್ಚು ಎದುರಾಡುವ ಹಾಗಿರಲಿಲ್ಲ. ಮೂರು ದಿನ ಮಾತು ಬಿಟ್ಟರು, ನಾಲ್ಕನೆಯ ದಿನ ತಮ್ಮ ಅತ್ತಿಗೆಯ ಹೆಸರನ್ನು ಚೀಟಿಯಲ್ಲಿ ಬರೆದು ಕಳಿಸಿದರು. ಅವರದು ಹಸಿರು ಪತ್ತಲವಂತೆ, ಸದಾರಮೆಗೆ ಕೊಟ್ಟದ್ದು.

ಮನೆ ಮನೆ ತಿರುಗಿ, ಅಮ್ಮನ ನೆನಪನ್ನು ಕೆದಕಿ, ಸೀರೆ ಕೊಟ್ಟವರು ಹದಿನೇಳು ಮಂದಿ ಸಿಕ್ಕರು. ಅವರಲ್ಲಿ ಬದುಕಿರುವವರು ನಾಲ್ವರು. ಬಸ್ಸಿನಲ್ಲಿ ಬಂದು ಹೋದ ಕಲಾವಿದೆಯರ ಹೆಸರು ಮಾತ್ರ ಯಾರಿಗೂ ನೆನಪಿಲ್ಲ. ಆರು ವರ್ಷದ ಆರು ನಾಟಕ. ಒಂದೊಂದರ ಮುಂದೆಯೂ ಪಾತ್ರದ ಹೆಸರು ಬರೆದು, ‘ಮಾಡಿದವರು’ ಎಂದು ಹಾಕಿ, ಅದರ ಮುಂದೆ ಜಾಗ ಖಾಲಿ ಬಿಟ್ಟೆ. ಪ್ರೆಸ್ಸಿನವರು ಕೈತಪ್ಪಿ ಉಳಿದದ್ದೆಂದು ಆ ಆರು ಸಾಲುಗಳನ್ನು ತೆಗೆದುಹಾಕಿದ್ದರು. ಪ್ರೂಫಿನಲ್ಲಿ ಮತ್ತೆ ಸೇರಿಸಿ ಕಳಿಸಿದ್ದೇನೆ.