ಒಂದು ಯಂತ್ರ, ಎರಡು ಖಾತೆ

ಮನೆಯಲ್ಲಿ ಒಂದೇ ಕಂಪ್ಯೂಟರ್ ಇಟ್ಟು ಅದನ್ನು ಎರಡು ಕೋಣೆಗಳಿಂದ ನಡೆಸೋದು ಹೊಸ ಕಾಲದ ಚಪಲ ಅಂತ ಅನ್ನಿಸಬಹುದು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮನೆಗಳಿಗೆ ಈ ತಲೆನೋವು ಹಳೆಯದು. ನಮಗೆ ಅದು ಮೊದಲು ಬಂದದ್ದು ಟೆಲಿಫೋನಿನ ರೂಪದಲ್ಲಿ.

1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ 128 ಪೋರ್ಟಿನ ಪುಟ್ಟ ಎಕ್ಸ್‌ಚೇಂಜ್ ತಯಾರಿಸಿತು. ಅದನ್ನು ಮೊದಲು ಕೂರಿಸಿದ್ದು ನಮ್ಮದೇ ಕಿತ್ತೂರಿನಲ್ಲಿ, 1986ರಲ್ಲಿ. ಮುಂದೆ ಫೋನು ಘಟ್ಟದ ಮೇಲಿನ ಹಳ್ಳಿಗಳಿಗೂ ಬಂತು. ಆದರೆ ಮನೆಗೊಂದೇ ಲೈನು. ಜಗಲಿಯಲ್ಲಿ ರಿಂಗಾದರೆ ಒಳಮನೆಯವರಿಗೆ ಕೇಳದು, ಅದಕ್ಕೇ ‘ಪ್ಯಾರಲಲ್’ ಹಾಕಿಸುತ್ತಿದ್ದರು. ಅದೇ ಎರಡು ತಂತಿಗೆ ಇನ್ನೊಂದು ಫೋನು, ಅಷ್ಟೇ. ಒಂದರಲ್ಲಿ ಆಡಿದ ಮಾತು ಇನ್ನೊಂದರಲ್ಲೂ ಕೇಳುತ್ತಿತ್ತು. ಯಾರಾದರೂ ರಿಸೀವರ್ ಎತ್ತಿದರೆ ‘ಟಕ್’ ಅಂದು ದನಿ ಕೊಂಚ ತಗ್ಗುತ್ತಿತ್ತು. ಆ ತಗ್ಗಿದ ದನಿಯೇ ನಮಗೆ ಎಚ್ಚರಿಕೆ: ಯಾರೋ ಕೇಳ್ತಾ ಇದ್ದಾರೆ!

ಕಂಪ್ಯೂಟರಿನ ಚರಿತ್ರೆಯಲ್ಲೂ ಹಂಚಿಕೆಯೇ ಮೊದಲು ಬಂದದ್ದು. 1960ರ ಸುಮಾರಿಗೆ ಯಂತ್ರ ಕೋಣೆಯಷ್ಟು ದೊಡ್ಡದು, ಬೆಲೆ ಅದಕ್ಕಿಂತ ದೊಡ್ಡದು. ಪಂಚ್ ಕಾರ್ಡುಗಳ ಕಟ್ಟು ಕೊಟ್ಟು ಉತ್ತರಕ್ಕೆ ಗಂಟೆಗಟ್ಟಲೆ ಕಾಯಬೇಕಿತ್ತು. 1961ರ ನವೆಂಬರಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ತೋರಿಸಿದರು. ಯಂತ್ರ ಒಂದೇ, ಅದಕ್ಕೆ ಟೈಪ್‌ರೈಟರಿನಂಥ ಟರ್ಮಿನಲ್‌ಗಳು ಹಲವು. ಯಂತ್ರ ಒಬ್ಬೊಬ್ಬರ ಕೆಲಸವನ್ನೂ ಕ್ಷಣದ ಚೂರಿನಷ್ಟು ಹೊತ್ತು ನೋಡಿ ಮುಂದಿನವರ ಕಡೆ ತಿರುಗುತ್ತಿತ್ತು. ಕೂತವನಿಗೆ ಮಾತ್ರ ಇಡೀ ಯಂತ್ರ ತನ್ನದೇ ಅನ್ನಿಸುತ್ತಿತ್ತು.

ಹಂಚಿಕೊಂಡ ಕೂಡಲೇ ಬೇಲಿ ಬೇಕಾಯಿತು. ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು ಇಲ್ಲಿಂದಲೇ ಅನ್ನುತ್ತಾರೆ. ಬೇಲಿ ಬಂದ ಮೇಲೆ ಹಾರುವವರೂ ಬರಬೇಕಲ್ಲ! ಆಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ಸಿಕ್ಕಿದ್ದ ಪಾಲು ವಾರಕ್ಕೆ 4 ಗಂಟೆ. ಅದು ಸಾಲದೆ, 1962ರಲ್ಲಿ ಎಲ್ಲರ ಪಾಸ್‌ವರ್ಡ್‌ಗಳ ಪಟ್ಟಿಯನ್ನೇ ಮುದ್ರಿಸಿಕೊಂಡ!

1981ರಲ್ಲಿ ಐಬಿಎಂ ಪಿಸಿ ಬಂತು. ಒಬ್ಬನಿಗೆ ಒಂದು ಯಂತ್ರ ಎಂದಾದ ಮೇಲೆ ಬೇಲಿಯ ಮಾತು ಹಿಂದೆ ಸರಿಯಿತು. ಡಾಸ್‌ನಲ್ಲಿ ನೀವು ಯಾರು ಅಂತ ಕೇಳುವವರೇ ಇರಲಿಲ್ಲ. ಆಮೇಲೆ ದೂರದಿಂದ ನಡೆಸುವ ಆಸೆ ಮತ್ತೆ ಚಿಗುರಿತು. ಕೇಂಬ್ರಿಡ್ಜಿನ ಪ್ರಯೋಗಾಲಯವೊಂದರಲ್ಲಿ ಹುಟ್ಟಿದ ವಿಎನ್‌ಸಿ, ಒಂದೇ ಪರದೆಯನ್ನು ಎರಡು ಕಡೆ ತೋರಿಸುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಆ ಕಡೆಯಿಂದ ಒಬ್ಬ ಒಳಬಂದರೆ ಈ ಕಡೆಯ ಪರದೆಗೆ ಬೀಗ. ಮೂರನೇ ದಾರಿ ಲಿನಕ್ಸ್‌ನ ‘ಮಲ್ಟಿಸೀಟ್’: ಒಂದೇ ಯಂತ್ರಕ್ಕೆ ಎರಡು ಪರದೆ, ಎರಡು ಕೀಬೋರ್ಡು, ಎರಡು ಮೌಸು, ಇಬ್ಬರೂ ಒಟ್ಟಿಗೇ, ಬೇರೆ ಬೇರೆ ಲಾಗಿನ್‌ನಲ್ಲಿ.

ಈ ವ್ಯತ್ಯಾಸ ನನಗೆ ನಿಜವಾಗಿ ತಲೆಗೆ ಹೋದದ್ದು ಯಲ್ಲಾಪುರ ಕಡೆಯ ಗೆಳೆಯನೊಬ್ಬನ ಮನೆಯಲ್ಲಿ. ಕಂಪ್ಯೂಟರ್ ಮಹಡಿ ಮೇಲೆ. ಮಂಡಿನೋವಿನ ಅಪ್ಪನಿಗಾಗಿ ಜಗಲಿಗೂ ಒಂದು ಪರದೆ, ಕೀಬೋರ್ಡು, ಮೌಸು. ಯುಎಸ್‌ಬಿ ಕೇಬಲ್ 5 ಮೀಟರಿನಾಚೆ ನಂಬಿಕಸ್ಥ ಅಲ್ಲ ಅಂತ ನೆಟ್‌ವರ್ಕ್ ಕೇಬಲ್ಲಿನ ಎಕ್ಸ್‌ಟೆಂಡರ್ ಹಾಕಿದ್ದ. ಎಲ್ಲ ಚೆನ್ನಾಗಿತ್ತು, ಅಪ್ಪ ಮಾತ್ರ ಮುಟ್ಟಲೊಲ್ಲರು. ಕೇಳಿದ್ದಕ್ಕೆ ನನ್ನ ಹತ್ತಿರ ಮೆಲ್ಲಗೆ ಅಂದರು: “ತಮಾ, ಯನ್ನ ಲೆಕ್ಕ ಎಲ್ಲ ಅವಂಗೆ ಎಂತಕ್ಕೆ ಕಾಣವು?”

ಅಡಿಕೆ ಲೆಕ್ಕ, ಸೊಸೈಟಿ ಸಾಲ. ಮಗನಿಗೆ ಗೊತ್ತಾಗಿ ಅವನು ಚಿಂತೆ ಮಾಡೋದು ಅವರಿಗೆ ಬೇಡವಾಗಿತ್ತು. ಗೆಳೆಯ ಹಾಕಿದ್ದು ಪ್ಯಾರಲಲ್ ಫೋನು. ಅಪ್ಪನಿಗೆ ಬೇಕಿದ್ದದ್ದು ಟರ್ಮಿನಲ್.

ಅವರಿಗೆ ಇದು ಹೊಸ ವಿಚಾರವೂ ಅಲ್ಲ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಶುರುವಾದದ್ದು 1923ರಲ್ಲಿ. ಸಂಸ್ಥೆ ಎಲ್ಲರದು, ಆದರೆ ಖಾತೆ ಅವರವರದು. ಕಂಪ್ಯೂಟರಿನವರು ‘ಯೂಸರ್ ಅಕೌಂಟ್’ ಅನ್ನೋದಕ್ಕೂ ನಾವು ಖಾತೆ ಅಂತಲೇ ಹೇಳ್ತೀವಲ್ಲ.

ಹಾಗಾಗಿ ಊರಿನ ಮನೆಗೆ ಇಂಥದ್ದೇನಾದರೂ ಜೋಡಿಸೋ ಮುಂಚೆ ಕೇಬಲ್ಲಿನ ಉದ್ದ ಅಳೆಯಿರಿ. ತೋಟದ ಮನೆಗೂ ಎಳೆಯೋದಾದರೆ ಸಿಡಿಲಿನ ನೆನಪಿರಲಿ, ತಾಮ್ರದ ಬದಲು ಆಪ್ಟಿಕಲ್ ಫೈಬರ್ ವಾಸಿ. ಆದರೆ ಅದಕ್ಕೂ ಮೊದಲು, ಕೆಳಗೆ ಕೂರುವವರಿಗೆ ಬೇಕಾದ್ದು ನಿಮ್ಮ ಪರದೆಯೋ, ತಮ್ಮದೇ ಜಾಗವೋ ಅಂತ ಒಮ್ಮೆ ಕೇಳಿ. ಗೆಳೆಯ ಈಗ ಜಗಲಿಗೆ ಬೇರೆ ಲಾಗಿನ್ ಮಾಡಿಕೊಟ್ಟಿದ್ದಾನೆ. ಪಾಸ್‌ವರ್ಡ್ ಅಪ್ಪನೇ ಹಾಕಿಕೊಂಡಿದ್ದಾರೆ.