ಬೇಕಾದಾಗ, ಬೇಕಾದಷ್ಟೇ ಅನಿಲ

ಪ್ರಯೋಗಾಲಯಗಳಿಗೆ ಗ್ಯಾಸ್ ಜನರೇಟರ್ ಮಾರುವುದು ನನ್ನ ಕಸುಬಾಗಿತ್ತು. ಪೀಣ್ಯ, ಬೊಮ್ಮಸಂದ್ರ, ಜಿಗಣಿ, ನಂಜನಗೂಡು ಎಂದು ತಿರುಗುವಾಗ ಎಲ್ಲ ಕಡೆಯೂ ಒಂದೇ ಮಾತು ಕೇಳಿಬರುತ್ತಿತ್ತು: ‘ಇದೇನೋ ಹೊಸ ಯಂತ್ರ ಬಂದಿದೆಯಂತಲ್ಲ ಸಾರ್!’ ಯಂತ್ರವೇನೋ ಹೊಸದೇ. ಆದರೆ ಅನಿಲವನ್ನು ಬಳಸುವ ಮೇಜಿನ ಮೇಲೇ ತಯಾರಿಸಿಕೊಳ್ಳುವ ಪದ್ಧತಿ ಸಿಲಿಂಡರಿಗಿಂತ ಹಳೆಯದು.

ಈ ಕಸುಬಿನ ಮೂಲ ಹುಡುಕುತ್ತ ಹೋದರೆ ಹಾಲೆಂಡಿನ ಡೆಲ್ಫ್ಟ್ ಊರಿನ ಒಂದು ಔಷಧದ ಅಂಗಡಿ ಸಿಗುತ್ತದೆ. 1830ರಲ್ಲಿ ಅಲ್ಲಿ ವ್ಯಾಪಾರ ಶುರುಮಾಡಿದ ಪೆಟ್ರಸ್ ಯಾಕೋಬಸ್ ಕಿಪ್ ಔಷಧದ ಜೊತೆಗೆ ಪ್ರಯೋಗದ ಸಾಮಾನುಗಳನ್ನೂ ಮಾರುತ್ತಿದ್ದ. 1844ರ ಸುಮಾರಿಗೆ ಅವನು ರೂಪಿಸಿದ ಗಾಜಿನ ಸಾಧನ ನಮ್ಮ ಪಿ.ಯು.ಸಿ., ಬಿ.ಎಸ್ಸಿ. ವಿದ್ಯಾರ್ಥಿಗಳಿಗೆಲ್ಲ ‘ಕಿಪ್ಸ್ ಅಪರೇಟಸ್’ ಎಂದೇ ಪರಿಚಿತ. ಒಂದರ ಮೇಲೊಂದು ಕೂತ ಮೂರು ಗಾಜಿನ ಗುಂಡುಗಳು. ನಡುವಿನ ಗುಂಡಿನಲ್ಲಿ ಸತುವಿನ ಚೂರು ಅಥವಾ ಕಬ್ಬಿಣದ ಸಲ್ಫೈಡು, ಮೇಲಿನದರಲ್ಲಿ ಆಮ್ಲ. ನಲ್ಲಿ ತೆರೆದರೆ ಆಮ್ಲ ಕೆಳಗಿನ ಗುಂಡಿಗಿಳಿದು, ಅಲ್ಲಿಂದ ನಡುವಿನದಕ್ಕೆ ಏರಿ ಚೂರುಗಳನ್ನು ಮುಟ್ಟುತ್ತದೆ, ಅನಿಲ ಹುಟ್ಟುತ್ತದೆ. ನಲ್ಲಿ ಮುಚ್ಚಿದರೆ ಹುಟ್ಟಿದ ಅನಿಲವೇ ಆಮ್ಲವನ್ನು ಕೆಳಕ್ಕೆ ತಳ್ಳುತ್ತದೆ, ಕ್ರಿಯೆ ತಾನಾಗಿ ನಿಲ್ಲುತ್ತದೆ. ಕರೆಂಟಿಲ್ಲ, ಮೀಟರಿಲ್ಲ, ಕಾಯುವ ಆಳೂ ಬೇಕಿಲ್ಲ. ಬೇಕಾದಾಗ ಬೇಕಾದಷ್ಟೇ ಅನಿಲ ಕೊಡುವ ಈ ತತ್ತ್ವದ ಮೇಲೆಯೇ ನಾನು ಮಾರಿದ ಯಂತ್ರಗಳೆಲ್ಲ ನಿಂತಿವೆ. ಅದಕ್ಕೇ ಕಿಪ್ಪನನ್ನು ನಮ್ಮ ಕಸುಬಿನ ಹಿರಿಯ ಎಂದು ನಾನು ಗೌರವಿಸುತ್ತೇನೆ.

ನಮ್ಮ ಕಾಲೇಜುಗಳಲ್ಲಿ ಕಿಪ್ಪನ ಸಾಧನ ಮುಖ್ಯವಾಗಿ ಸಾಲ್ಟ್ ಅನಾಲಿಸಿಸ್‌ಗಾಗಿ ಇತ್ತು. ಅದಕ್ಕೆ ಬೇಕಾದ ಹೈಡ್ರೋಜನ್ ಸಲ್ಫೈಡಿನ ಕೊಳೆತ ಮೊಟ್ಟೆಯ ನಾತ ಪ್ರಾಕ್ಟಿಕಲ್ ಇದ್ದ ದಿನ ಕಾರಿಡಾರಿನ ತುದಿಯವರೆಗೂ ಹಬ್ಬುತ್ತಿತ್ತು. ಇನ್ನೊಂದು ಅನಿಲ ಬರ್ನರಿಗೆ ಬೇಕಿತ್ತು. ಜರ್ಮನ್ ವಿಜ್ಞಾನಿ ಬುನ್ಸೆನ್ ತನ್ನ ಬರ್ನರನ್ನು 1855ರಲ್ಲಿ ಹೈಡೆಲ್‌ಬರ್ಗಿನಲ್ಲಿ ರೂಪಿಸಿದಾಗ ಆ ಊರಿಗೆ ಕಲ್ಲಿದ್ದಲ ಅನಿಲದ ಕೊಳವೆ ಬಂದಾಗಿತ್ತು. ಆದರೆ 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬರುವವರೆಗೆ ಬೀದಿಗೆ ಸೀಮೆಎಣ್ಣೆ ದೀಪವನ್ನೇ ನೆಚ್ಚಿದ್ದ ಬೆಂಗಳೂರಿನಂಥ ಊರುಗಳಲ್ಲಿ ಕಾಲೇಜುಗಳು ಬರ್ನರಿನ ಅನಿಲಕ್ಕೆ ತಮ್ಮ ದಾರಿ ತಾವೇ ಹುಡುಕಿಕೊಳ್ಳಬೇಕಿತ್ತು. ಆ ದಾರಿಯೇ ‘ಗ್ಯಾಸ್ ಪ್ಲಾಂಟು’.

ಕಾಲೇಜಿನ ಹಿಂದೆ ಒಂದು ಶೆಡ್ಡು. ಒಳಗೆ ಒಲೆಯ ಮೇಲೆ ಕೆಂಪಗೆ ಕಾದ ಕಬ್ಬಿಣದ ಕೊಳವೆ. ಅದಕ್ಕೆ ತೊಟ್ಟುತೊಟ್ಟಾಗಿ ಸೀಮೆಎಣ್ಣೆ ಬಿಟ್ಟರೆ ಎಣ್ಣೆ ಒಡೆದು ಅನಿಲವಾಗುತ್ತಿತ್ತು. ನೀರಿನ ತೊಟ್ಟಿಯಲ್ಲಿ ಬೋರಲು ಹಾಕಿದ ದೊಡ್ಡ ಕಬ್ಬಿಣದ ಡ್ರಮ್ಮು ಅನಿಲ ತುಂಬಿದಂತೆ ಮೇಲೇಳುತ್ತಿತ್ತು, ಖರ್ಚಾದಂತೆ ಇಳಿಯುತ್ತಿತ್ತು. ಡ್ರಮ್ಮಿನ ಎತ್ತರ ನೋಡಿಯೇ ಇನ್ನೆಷ್ಟು ಬ್ಯಾಚಿನ ಪ್ರಾಕ್ಟಿಕಲ್ ನಡೆದೀತು ಎಂದು ಅಟೆಂಡರ್ ಹೇಳಿಬಿಡುತ್ತಿದ್ದ. ಅಂಬಾಲಾದ ತಯಾರಕರ ಕ್ಯಾಟಲಾಗುಗಳಲ್ಲಿ ಇಂಥ ಪ್ಲಾಂಟುಗಳಿಗೆ ಕಾಯಂ ಜಾಗವಿತ್ತು. ಅವರ ಏಜೆಂಟರು ಕಾಲೇಜಿನಿಂದ ಕಾಲೇಜಿಗೆ ಹೋಗಿ ಮಾರುತ್ತಿದ್ದರು. ಎಲ್.ಪಿ.ಜಿ. ಬಂದ ಮೇಲೆ ಶೆಡ್ಡುಗಳು ಮುಚ್ಚಿದವು. ಹಳೇ ಕಾಲೇಜುಗಳಿಗೆ ಮಾರಾಟಕ್ಕೆಂದು ಹೋದಾಗ, ಮಸಿ ಹಿಡಿದ ಆ ಗೋಡೆಗಳನ್ನು ಕೇಳಿ ನೋಡಿಕೊಂಡೇ ನಾನು ಬರುತ್ತಿದ್ದೆ.

ಅಷ್ಟರಲ್ಲಿ ಸಿಲಿಂಡರು ಎಲ್ಲೆಡೆ ಆವರಿಸಿತ್ತು. ಜರ್ಮನಿಯ ಕಾರ್ಲ್ ಫಾನ್ ಲಿಂಡೆ 1895ರಲ್ಲಿ ಗಾಳಿಯನ್ನು ದ್ರವವಾಗಿಸುವ ವಿಧಾನ ಕಂಡುಹಿಡಿದ ಮೇಲೆ ಆಮ್ಲಜನಕ, ಸಾರಜನಕಗಳನ್ನು ಕಾರ್ಖಾನೆಯಲ್ಲಿ ಬೇರ್ಪಡಿಸಿ ಉಕ್ಕಿನ ಸಿಲಿಂಡರಿನಲ್ಲಿ ಒತ್ತಿ ತುಂಬುವುದು ದೊಡ್ಡ ಉದ್ಯಮವಾಯಿತು. ನಮ್ಮಲ್ಲಿ 1935ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಕಂಪನಿ ಮುಂದೆ ಇಂಡಿಯನ್ ಆಕ್ಸಿಜನ್ ಎಂದು ಮನೆಮಾತಾಯಿತು. ಕೆಂಪು ಬಣ್ಣವೆಂದರೆ ಹೈಡ್ರೋಜನ್, ಬೂದುಬಣ್ಣಕ್ಕೆ ಕಪ್ಪು ಕತ್ತು ಇದ್ದರೆ ಸಾರಜನಕ, ಕಪ್ಪು ಮೈಗೆ ಬಿಳಿ ಕತ್ತು ಇದ್ದರೆ ಆಮ್ಲಜನಕ. ಓದು ಬಾರದ ಹಮಾಲಿಗೂ ಈ ಬಣ್ಣಗಳು ಬಾಯಿಪಾಠ. ಹೊತ್ತಿಕೊಳ್ಳುವ ಅನಿಲದ ವಾಲ್ವಿಗೆ ಎಡಮುರಿ ತ್ರೆಡ್ ಇರುವುದೂ ಅವನಿಗೆ ಗೊತ್ತು.

ಈ ಚಿತ್ರವನ್ನು ಮತ್ತೆ ಬದಲಿಸಿದ್ದು ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ (ಜಿ.ಸಿ.). 1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮತ್ತು ಮಾರ್ಟಿನ್ ಈ ವಿಧಾನವನ್ನು ಪ್ರಕಟಿಸಿದರು. ಆ ದಶಕದ ಕೊನೆಗೆ, ಬೇರ್ಪಟ್ಟ ಘಟಕಗಳನ್ನು ಪತ್ತೆಹಚ್ಚುವ ಫ್ಲೇಮ್ ಅಯೊನೈಸೇಶನ್ ಡಿಟೆಕ್ಟರ್ ಬಂತು. ಅದರೊಳಗಿನ ಪುಟ್ಟ ಜ್ವಾಲೆ ಉರಿಯಲು ನಿಮಿಷಕ್ಕೆ 30–40 ಮಿಲಿಲೀಟರ್ ಹೈಡ್ರೋಜನ್ ಸಾಕು. ದಿನವಿಡೀ ಉರಿದರೂ 60 ಲೀಟರು ದಾಟದು. ಅದಕ್ಕಾಗಿ ಪಕ್ಕದಲ್ಲಿ ನಿಲ್ಲಿಸುವ ಕೆಂಪು ಸಿಲಿಂಡರಿನಲ್ಲಿ 7 ಘನ ಮೀಟರ್, ಅಂದರೆ 7000 ಲೀಟರು ಅನಿಲ! ಗಾಳಿಯಲ್ಲಿ ಶೇ. 4ರಿಂದ ಶೇ. 75ರವರೆಗೆ ಯಾವ ಪ್ರಮಾಣದಲ್ಲಿ ಬೆರೆತರೂ ಹೈಡ್ರೋಜನ್ ಹೊತ್ತಿಕೊಳ್ಳಬಲ್ಲದು. 60 ಘನ ಮೀಟರಿನ ಮುಚ್ಚಿದ ಕೋಣೆಯಲ್ಲಿ ಒಂದು ತುಂಬಿದ ಸಿಲಿಂಡರು ಖಾಲಿಯಾದರೆ ಅದರ ಪ್ರಮಾಣ ಶೇ. 10 ದಾಟುತ್ತದೆ. ಈ ಲೆಕ್ಕವನ್ನು ನಾನು ಗಿರಾಕಿಗಳ ಎದುರು ಕಾಗದದ ಮೇಲೆ ಬರೆದು ತೋರಿಸುತ್ತಿದ್ದೆ. ಬೇರೆ ಜಾಹೀರಾತು ಬೇಕಿರಲಿಲ್ಲ.

ಪರಿಹಾರ ಬಂದದ್ದು ಬಾಹ್ಯಾಕಾಶದ ಕಡೆಯಿಂದ. ನೀರಿಗೆ ವಿದ್ಯುತ್ತು ಹಾಯಿಸಿ ಹೈಡ್ರೋಜನ್ ಬಿಡಿಸಬಹುದೆಂದು 1800ರಲ್ಲೇ ಲಂಡನ್ನಿನ ನಿಕೊಲ್ಸನ್ ಮತ್ತು ಕಾರ್ಲೈಲ್ ತೋರಿಸಿದ್ದರು. ಆದರೆ ಹಳೆಯ ಮಾದರಿಯ ಯಂತ್ರಗಳಿಗೆ ಕಾಸ್ಟಿಕ್ ಪೊಟ್ಯಾಷಿನ ದ್ರಾವಣ ಬೇಕಿತ್ತು. ಅದರ ತುಂತುರು ಅನಿಲದ ಜೊತೆ ಬಂದರೆ ಉಪಕರಣ ಕೆಡುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಜೆಮಿನಿ ನೌಕೆಗಳ ಫ್ಯೂಯೆಲ್ ಸೆಲ್ಲಿಗಾಗಿ ಪ್ಲಾಸ್ಟಿಕ್ ಪೊರೆಯನ್ನು ಬಳಸಿತು. ಹೈಡ್ರೋಜನ್, ಆಮ್ಲಜನಕ ಸೇರಿ ವಿದ್ಯುತ್ತೂ ನೀರೂ ಬರುವ ಆ ಕ್ರಿಯೆಯನ್ನು ತಿರುವುಮುರುವು ಮಾಡಿದರೆ ನಮ್ಮ ಜನರೇಟರು. ಶುದ್ಧ ನೀರು, ಪೊರೆ, ಕರೆಂಟು, ಇಷ್ಟೇ. ಒಂದು ಲೀಟರು ನೀರಿನಿಂದ ಸುಮಾರು 1200 ಲೀಟರು ಹೈಡ್ರೋಜನ್ ಬರುತ್ತದೆ. ಒಂದು ಡಿಟೆಕ್ಟರಿಗೆ ಅದು ಹಗಲೂ ರಾತ್ರಿ ಉರಿದರೂ ಇಪ್ಪತ್ತು ದಿನ ಸಾಲುತ್ತದೆ. ಯಾವ ಗಳಿಗೆಯಲ್ಲೂ ಯಂತ್ರದ ಹೊಟ್ಟೆಯಲ್ಲಿ ಉಳಿಯುವ ಅನಿಲ ತೀರಾ ಅಲ್ಪ. ಸೋರಿಕೆಯಾಗಿ ಒತ್ತಡ ಇಳಿದರೆ ಯಂತ್ರ ತಾನೇ ನಿಲ್ಲುತ್ತದೆ.

ಸಾರಜನಕದ ದಾರಿ ಬೇರೆ. ಅಮೆರಿಕದ ಚಾರ್ಲ್ಸ್ ಸ್ಕಾರ್‌ಸ್ಟ್ರಾಮ್ 1960ರಲ್ಲಿ ಪೇಟೆಂಟ್ ಪಡೆದ, ಒತ್ತಡ ಏರಿಳಿಸಿ ಅನಿಲ ಬೇರ್ಪಡಿಸುವ ವಿಧಾನವನ್ನು ಬೆಳೆಸಿ, ಇಂಗಾಲದ ಸೂಕ್ಷ್ಮರಂಧ್ರಗಳ ಜರಡಿಯಲ್ಲಿ ಆಮ್ಲಜನಕವನ್ನು ತಡೆದು ಸಾರಜನಕವನ್ನು ಮುಂದೆ ಬಿಡುತ್ತಾರೆ. ಜರಡಿ ತುಂಬಿದ ಎರಡು ಕಂಬಗಳಲ್ಲಿ ಒಂದು ಕೆಲಸ ಮಾಡುವಾಗ ಇನ್ನೊಂದು ತಾನು ಹಿಡಿದ ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ಆ ‘ಪುಸ್ಸ್’ ಸದ್ದು ಕೇಳಿದರೆ ಯಂತ್ರದ ಆರೋಗ್ಯ ನನಗೆ ಗೊತ್ತಾಗುತ್ತಿತ್ತು.

ನಾನು ಕಸುಬಿಗೆ ಬಂದದ್ದು ತೊಂಬತ್ತರ ದಶಕದಲ್ಲಿ. ಔಷಧದಲ್ಲಿ ಉಳಿದುಬಿಡುವ ದ್ರಾವಕಗಳ ಮಿತಿ ಕುರಿತು 1997ರಲ್ಲಿ ಔಷಧ ನಿಯಮಗಳ ಅಂತರರಾಷ್ಟ್ರೀಯ ಸಂಸ್ಥೆ ಐ.ಸಿ.ಎಚ್.ನ ಮಾರ್ಗಸೂಚಿ ಬಂತು. ಆ ದ್ರಾವಕಗಳನ್ನು ಅಳೆಯಲು ರಫ್ತು ಮಾಡುವ ಔಷಧ ಕಾರ್ಖಾನೆಗಳ ಗುಣಮಟ್ಟ ಪರೀಕ್ಷೆಯ (ಕ್ಯೂ.ಸಿ.) ವಿಭಾಗದಲ್ಲಿ ಜಿ.ಸಿ. ಯಂತ್ರಗಳು ಸಾಲುಗಟ್ಟಿದವು. ಆಮೇಲೆ ದ್ರವದ ಮಿಶ್ರಣವನ್ನು ಬೇರ್ಪಡಿಸಿ ಅಣುಗಳ ತೂಕ ಅಳೆಯುವ ಎಲ್.ಸಿ.-ಎಂ.ಎಸ್. ಬಂತು. ನಿಮಿಷಕ್ಕೆ 20 ಲೀಟರು ಸಾರಜನಕ ಬೇಡುವ ಆ ಯಂತ್ರದ ಮುಂದೆ 7 ಘನ ಮೀಟರಿನ ಸಿಲಿಂಡರು ಆರು ಗಂಟೆಯೂ ನಿಲ್ಲದು. ರಾತ್ರಿ ಪಾಳಿಯಲ್ಲಿ ಸ್ಪ್ಯಾನರ್ ಹಿಡಿದು ಸಿಲಿಂಡರು ಬದಲಿಸಿ, ಸೋಪಿನ ನೊರೆ ಹಚ್ಚಿ ಲೀಕ್ ನೋಡಿ, ಮತ್ತೆ ಬೇಸ್‌ಲೈನ್ ಸಮವಾಗುವವರೆಗೆ ಕಾದು ಕೂತ ಹುಡುಗ ಹುಡುಗಿಯರೇ ನನ್ನ ಪರವಾಗಿ ಮ್ಯಾನೇಜರರ ಹತ್ತಿರ ವಾದಿಸುತ್ತಿದ್ದರು.

ಮಾರಾಟಕ್ಕೆ ಹೋದವನು ಮೊದಲು ನೋಡಬೇಕಾದದ್ದು ನೀರು. ಪೊರೆಗೆ ಲೋಹದ ಅಯಾನುಗಳೇ ವಿಷ. ಬೋರ್‌ವೆಲ್ ನೀರು ಹೊಯ್ದರೆ ಲಕ್ಷಗಟ್ಟಲೆ ಬೆಲೆಯ ಸೆಲ್ ಹಾಳು. ಆಮೇಲೆ ಯು.ಪಿ.ಎಸ್., ಕೋಣೆಯ ಗಾಳಿಯಾಟ, ಕಂಪ್ರೆಸರಿನ ಸದ್ದಿಗೆ ಜಾಗ, ತುರ್ತಿಗೆ ಒಂದು ಸಿಲಿಂಡರು. ಇವನ್ನೆಲ್ಲ ನೋಡದೆ ಆರ್ಡರ್ ಹಿಡಿದು ಓಡುವವರೂ ಇದ್ದಾರೆ. ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ನಮಗಿಂತ ಕಡಿಮೆ ದರ ಹಾಕಿ ಟೆಂಡರ್ ಗೆದ್ದವರು ಯಂತ್ರ ಇಳಿಸಿ ಹೋದರು, ವಾರಂಟಿ ಮುಗಿದ ಮೇಲೆ ಫೋನೇ ಎತ್ತಲಿಲ್ಲ. ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದ ಸಿಲಿಕಾ ಜೆಲ್ ಬದಲಿಸುವವರಿಲ್ಲದೆ ಆ ಯಂತ್ರ ಮೂಲೆ ಸೇರಿ, ಕೆಂಪು ಸಿಲಿಂಡರು ಮತ್ತೆ ಒಳಗೆ ಬಂತು. ನನಗೆ ಅದು ಈಗಲೂ ನೋವಿನ ಸಂಗತಿ.

2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶಾಕ್ ವೇವ್ ಪ್ರಯೋಗಾಲಯದಲ್ಲಿ ನಡೆದ ಸ್ಫೋಟದಲ್ಲಿ ಒಬ್ಬ ಯುವ ಸಂಶೋಧಕ ತೀರಿಕೊಂಡರು, ಮೂವರು ಗಾಯಗೊಂಡರು. ಶಾಕ್ ವೇವ್ ಪ್ರಯೋಗಗಳಿಗೆ ಹೆಚ್ಚಿನ ಒತ್ತಡದ ಅನಿಲ ಬೇಕೇ ಬೇಕು, ಅಲ್ಲಿ ನಮ್ಮ ಯಂತ್ರ ಪರ್ಯಾಯವಾಗದು. ಆದರೆ ದಿನಕ್ಕೆ 60 ಲೀಟರು ಸಾಕಾಗುವ ಕಡೆ 7000 ಲೀಟರು ಶೇಖರಿಸಿಡಲು ಯಾವ ಸಮರ್ಥನೆಯೂ ಇಲ್ಲ.

ಪ್ರಾಂಶುಪಾಲರಿಗೆ, ಲ್ಯಾಬಿನ ಮುಖ್ಯಸ್ಥರಿಗೆ ನನ್ನ ಕೋರಿಕೆ ಇಷ್ಟೆ. ಮುಂದಿನ ಬಜೆಟ್ ಬರೆಯುವ ಮುಂಚೆ ನಿಮ್ಮಲ್ಲಿ ದಿನಕ್ಕೆ ಎಷ್ಟು ಅನಿಲ ಖರ್ಚಾಗುತ್ತದೆ, ಕೋಣೆಯಲ್ಲಿ ಎಷ್ಟು ತುಂಬಿಟ್ಟಿದ್ದೀರಿ ಎಂದು ಲೆಕ್ಕ ಹಾಕಿ. ಜನರೇಟರು ಕೊಳ್ಳುವುದಾದರೆ ಯಂತ್ರದ ದರದ ಜೊತೆಗೆ ಐದು ವರ್ಷದ ನಿರ್ವಹಣೆಯ ದರವನ್ನೂ ಟೆಂಡರಿನಲ್ಲೇ ಕೇಳಿ. ಈ ಕಸುಬಿಗೆ ಬರುವ ಹುಡುಗರೇ, ಕೊಟೇಶನ್ ಕೊಡುವ ಮೊದಲು ಆ ಲ್ಯಾಬಿನ ನೀರನ್ನು ಪರೀಕ್ಷಿಸಿ.