ಕೇವ್ ಮತ್ತು ಲೇಣ

ಇಂಗ್ಲಿಷಿನ ‘ಕೇವ್’ ಬರಹದಲ್ಲಿ ಒಂದು, ಮೂಲದಲ್ಲಿ ಎರಡು. ಗುಹೆ ಎಂಬ ಅರ್ಥದ್ದು ಲ್ಯಾಟಿನ್ನಿನ ‘ಕಾವುಸ್’ನಿಂದ, ಎಂದರೆ ‘ಟೊಳ್ಳು’ ಎಂಬ ಪದದಿಂದ ಬಂತು. ಮೇಷ್ಟ್ರು ಬರುವಾಗ ಇಂಗ್ಲೆಂಡಿನ ಶಾಲಾಹುಡುಗರು ‘ಕೇವಿ’ ಎಂದು ಕೂಗುತ್ತಿದ್ದದ್ದು ಬೇರೆಯದು. ಅದೂ ಲ್ಯಾಟಿನ್ನೇ, ಅರ್ಥ ‘ಹುಷಾರ್’.

ನಮ್ಮ ಬೆಟ್ಟಗಳಿಗೆ ಅಂಟಿಕೊಂಡದ್ದು ಟೊಳ್ಳಿನ ‘ಕೇವ್’. ಆದರೆ ನಾಸಿಕದ ತ್ರಿರಶ್ಮಿ ಬೆಟ್ಟದಲ್ಲಿ, ಈಗ 10ನೆಯ ಗುಹೆ ಎನ್ನುವಲ್ಲಿ, ನಹಪಾನನ ಅಳಿಯ ಉಷವದಾತನ ಶಾಸನ ಬೇರೆ ಮಾತು ಬಳಸುತ್ತದೆ: ‘ಲೇಣ’ವನ್ನೂ ನೀರಿನ ತೊಟ್ಟಿಗಳನ್ನೂ ಆತ ಮಾಡಿಸಿದ. ‘ಲೇಣ’ ಪ್ರಾಕೃತ, ಸಂಸ್ಕೃತದಲ್ಲಿ ‘ಲಯನ’, ಅಂದರೆ ಆಶ್ರಯ. ನಮ್ಮ ‘ದೇವಾಲಯ’ದ ‘ಆಲಯ’ಕ್ಕೂ ಅದೇ ಧಾತು. ಮರಾಠಿಯಲ್ಲಿ ಇಂದಿಗೂ ಅದು ‘ಲೇಣಿ’.

ಟೊಳ್ಳು ತಾನಾಗಿ ಆಗುತ್ತದೆ. ಲೇಣವನ್ನು ಯಾರೋ ಮಾಡಿಸಬೇಕು, ಯಾರೋ ಕಡಿಯಬೇಕು. ಛತ್ರಪತಿ ಸಂಭಾಜಿನಗರದ ಬಳಿಯ ಎಲ್ಲೋರಾದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 8ನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಹೆಸರಿನೊಂದಿಗೆ ಬೆಸೆದ ಕೈಲಾಸ ದೇಗುಲ ಎಣಿಕೆಯಲ್ಲಿ ‘ಕೇವ್ 16’. ಬಂಡೆಯನ್ನು ಮೇಲಿಂದ ಕೆಳಕ್ಕೆ ಕಡಿದು ಬಿಡಿಸಿದ ಆ ದೇಗುಲದ ಶಿಖರಕ್ಕೆ ಆಕಾಶವೇ ಸೂರು. ಅದನ್ನು ಮಾಡಿದ ಶಿಲ್ಪಿಯೇ ‘ಹೇಗೆ ಮಾಡಿದೆ’ ಎಂದು ಬೆರಗಾದನೆಂದು 812–13ರ ಬರೋಡಾ ತಾಮ್ರಶಾಸನ ಹೇಳುತ್ತದೆ. ‘ಕೇವ್’ ಎಂಬ ಮಾತಿನಲ್ಲಿ ಆ ಶಿಲ್ಪಿಗೆ ಜಾಗವಿಲ್ಲ.